ಸಾರು ಬಡಿಸದೆ ಹೋದ ಎಲೆ

ಮೊನ್ನೆ ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆ. ಊಟದ ಹಾಲಿನ ಬಾಗಿಲು ದಾಟುತ್ತಿದ್ದಂತೆ ಬಿಸಿ ಸಾರಿನ ವಾಸನೆ, ತೊಳೆದ ಬಾಳೆಲೆಯ ವಾಸನೆ, ಮೇಜಿಗೆ ಹಾಸಿದ ಕಾಗದ ನೀರು ಬಿದ್ದು ಒದ್ದೆಯಾದ ವಾಸನೆ, ಎಲ್ಲ ಒಟ್ಟಿಗೆ ಬಂದವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಏನವ್ವಾ ಕಾನ್ವೆಂಟು, ಪ್ರೇಯರ್ ಮಾಡ್ತಿದ್ದೀಯಾ? ಮುಂದುಕ್ ನಡಿ, ಸೀಟೆಲ್ಲಾ ತುಂಬೋಯ್ತವೆ" ಎಂದು ಅತ್ತೆ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ತಳ್ಳಿದರು.

ಹಾಸನದ ಕಾನ್ವೆಂಟಿನಲ್ಲಿ ಓದಿದವಳು ಎಂದು, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಇಟ್ಟ ಹೆಸರು ಅದು. ಆಗ ಅದರಲ್ಲಿ ಸ್ವಲ್ಪ ಖಾರವಿತ್ತು. ಈಗ ಮಗಳನ್ನು ಕರೆದ ಹಾಗೆ ಕರೆಯುತ್ತಾರೆ.

ಊಟಕ್ಕೆ ಮುಂಚೆ ನಾವು ಮಂಟಪ ಹತ್ತಿ ಹೆಣ್ಣುಗಂಡಿನ ಪಕ್ಕ ಫೋಟೊಗೆ ನಿಂತಿದ್ದೆವು. ನಾನು ರೂಢಿಯಂತೆ ಹೆಣ್ಣಿನ ಕಡೆ, ನಮ್ಮ ಯಜಮಾನರು ಗಂಡಿನ ಕಡೆ. ಅತ್ತೆ ಕೆಳಗಿನಿಂದಲೇ ಕೂಗಿದ್ದರು: "ಅಂಗಲ್ಲ ಕಣ್ರೋ! ಇಬ್ರೂ ಒಂದೇ ಕಡೆ ನಿಂತ್ಕಳಿ. ನಾಳೆ ಯಾರಾರ ಸಾಕ್ಷಿ ಕೇಳುದ್ರೆ ಎಲ್ಲಿಗೆ ಓಗಾನಾ?" ಹತ್ತಿರ ಕುಳಿತಿದ್ದವರು ಅಜ್ಜಿಗೆ ತಮಾಷೆ ಎಂದು ನಕ್ಕರು. ನಾವಿಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಒಂದು ಮಳೆಗಾಲ ನಮ್ಮ ಮನೆಗೆ ಕಲಿಸಿದ ಪಾಠ ಅದು. ಆ ಪಾಠ ಮುಗಿದದ್ದೂ ಈ ಊರಿನಲ್ಲೇ, ಇದೇ ಊಟದ ಹಾಲಿನ ಒಂದು ಹಳೆಯ ವಿಡಿಯೋದಲ್ಲಿ.

ನನ್ನ ನಾದಿನಿ ಪ್ರಮೀಳಾ ನರ್ಸು. ಅವಳನ್ನು ಕೊಟ್ಟಿದ್ದು ಅರಕಲಗೂಡಿನ ಆಚೆಯ ಒಂದು ಹಳ್ಳಿಗೆ, ರಂಗಸ್ವಾಮಿ ಎನ್ನುವವರಿಗೆ. ನಾನು ರಂಗಣ್ಣ ಎನ್ನುತ್ತೇನೆ. ಹೊಲ, ಎರಡು ಹಸು, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಾಯಿ. ಪ್ರಮೀಳಾಗೆ ಹಾಸನದ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಹಾಗಾಗಿ ಮದುವೆಯಾದ ಮೇಲೂ ವಾರವೆಲ್ಲ ಅವಳು ನಮ್ಮ ಮನೆಯಲ್ಲೇ ಇರುತ್ತಿದ್ದಳು. ಡ್ಯೂಟಿ ಮುಗಿದ ಶನಿವಾರ ಅರಕಲಗೂಡಿನ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಸೀದಾ ಆಸ್ಪತ್ರೆಗೆ ಬಂದು ಇಳಿಯುತ್ತಿದ್ದಳು. ಆ ಊರಲ್ಲಿ ತನ್ನ ಅತ್ತೆಯ ಬೆನ್ನುಹುಣ್ಣು ತೊಳೆದು, ಬಟ್ಟೆ ಒಗೆದು, ಗಂಡನಿಗೆ ವಾರಕ್ಕಾಗುವಷ್ಟು ಚಟ್ನಿಪುಡಿ ಮಾಡಿಟ್ಟು ಬರುತ್ತಿದ್ದಳು. ಅಷ್ಟೇ ಅವರ ಸಂಸಾರ.

ಆಮೇಲೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿತು. ಇವಳು ಹೋಗಲೋ ಬೇಡವೋ ಎನ್ನುತ್ತಿರುವಾಗ ರಂಗಣ್ಣನೇ, "ಓಗು, ಅವ್ವುನ್ನ ನಾನ್ ನೋಡ್ಕತೀನಿ" ಎಂದರಂತೆ. ಹೋದಳು. ಕೆಲವು ವರ್ಷಕ್ಕೆ ಅಲ್ಲೇ ಕಾಯಂ ಆಗಿ ಇರುವ ಹಕ್ಕು ಸಿಕ್ಕಿತು. ಇಲ್ಲಿ ರಂಗಣ್ಣನ ತಾಯಿ ತೀರಿಕೊಂಡರು. ಇನ್ನು ಗಂಡನನ್ನು ಕರೆಸಿಕೊಳ್ಳುತ್ತೇನೆ, ಸ್ಪಾನ್ಸರ್ ಮಾಡುತ್ತೇನೆ ಎಂದು ಪ್ರಮೀಳಾ ಫೋನು ಮಾಡಿದಾಗ ಅತ್ತೆ ಕೇಳಿದ ಪ್ರಶ್ನೆ: "ಸ್ಪಾನ್ಸರ್ ಅಂದ್ರೆ ಗಣೇಶನ ಆರ್ಕೆಸ್ಟ್ರಾಕೆ ದುಡ್ ಕೊಡೋರಲ್ವಾ? ಕಟ್ಕಂಡ್ ಗಂಡುಂಗೂ ಸ್ಪಾನ್ಸರ್ ಮಾಡ್ತಾರಾ?"

ಕಾಗದಪತ್ರ ಕಳಿಸಿಯಾಯಿತು. ಆಷಾಢದ ಗಾಳಿಮಳೆ ಹಿಡಿದ ದಿನಗಳಲ್ಲಿ ಅಲ್ಲಿನ ವೀಸಾ ಕಚೇರಿಯಿಂದ ಉತ್ತರ ಬಂತು. ಮದುವೆಯ ಫೋಟೊ ನೋಡಿದೆವು, ನೋಂದಣಿಯೂ ಸರಿ ಇದೆ, ಆದರೆ ಮದುವೆಯಾದ ಮೇಲೆ ನೀವಿಬ್ಬರೂ ಗಂಡಹೆಂಡತಿಯಾಗಿ ಬದುಕಿದ್ದಕ್ಕೆ ಸಾಕ್ಷಿ ಸಾಲದು. ಒಟ್ಟಿಗೆ ತೆಗೆಸಿಕೊಂಡ ಫೋಟೊ, ಒಟ್ಟಿಗೆ ಹೋದ ಪ್ರವಾಸ, ಒಬ್ಬರಿಗೊಬ್ಬರು ಬರೆದ ಸಂದೇಶ, ಏನಿದ್ದರೂ ಕಳಿಸಿ. ಕೇಳಿದ ಧಾಟಿ ಮರ್ಯಾದೆಯದ್ದೇ ಆಗಿತ್ತು. ಆದರೆ ಇಲ್ಲದ್ದನ್ನು ಎಲ್ಲಿಂದ ಕಳಿಸುವುದು?

ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಪ್ರಮೀಳಾ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಅವಳ ಕೋಣೆಯ ಕುಕ್ಕರು ಕೂಗುತ್ತಿತ್ತು.

"ಅತ್ತಿಗೆ, ನಮ್ಮ ವಾಟ್ಸಾಪ್ ತೆಗೆದು ನೋಡ್ದೆ. 'ಮಳೆ ಬಂತು.' 'ಇಲ್ಲಿ ಚಳಿ.' 'ಮೋಡ ಇದೆ, ಬರಲಿಲ್ಲ.' ಓದಿದೋರು ಇವರಿಬ್ಬರೂ ಹವಾಮಾನ ಇಲಾಖೆಯೋರು ಅನ್ಕೋತಾರೆ."

ನಾನು ನಕ್ಕೆ. ಅವಳೂ ನಕ್ಕಳು. ಕುಕ್ಕರು ಮತ್ತೆ ಕೂಗಿತು.

"ಅವರು ಕೇಳಿದ್ದು ತಪ್ಪಲ್ಲ ಅತ್ತಿಗೆ. ಅವರಿಗೋಸ್ಕರ ಅಂತ ಹುಡುಕೋಕೆ ಕೂತೆ, ಕೊನೆಗೆ ನನಗೋಸ್ಕರಾನೂ ಹುಡುಕ್ತಿದ್ದೆ. ಆ ಮನುಷ್ಯ ನನ್ನ ಜೊತೆ ಒಂದು ಅಕ್ಕರೆ ಮಾತಾಡಿದ್ದು ನೆನಪಿಲ್ಲ. ಅಮ್ಮನ್ನ ನೋಡ್ಕೊಳಕ್ಕೆ ಒಬ್ಬಳು ನರ್ಸ್ ಬೇಕಿತ್ತು, ಸಿಕ್ಕಿದ್ಲು. ಅಷ್ಟೇನಾ ಅಂತ. ಇದೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡೋಣ ಅನ್ಸತ್ತೆ."

"ಏನನ್ನ ಬಿಡೋದು?" ಎಂದೆ.

"ಎಲ್ಲಾನೂ" ಎಂದಳು.

ದೀಪದ ಬತ್ತಿ ಉದ್ದವಾಗಿ ಹೊಗೆಯಾಡುತ್ತಿತ್ತು. ಅದನ್ನು ಸರಿಮಾಡಬೇಕು ಎಂದೂ ನನಗೆ ತೋಚಲಿಲ್ಲ.

ಫೋಟೊ ಯಾಕಿಲ್ಲ ಎನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮದುವೆ ದಿನ ಜೋಡಿಯಾಗಿ ನಿಂತರೆ ಮುಗಿಯಿತು. ಆಮೇಲೆ ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಹಿರಿಯರೆದುರು ಗಂಡನ ಪಕ್ಕ ಅಂಟಿಕೊಂಡು ನಿಂತರೆ 'ಏನ್ ಧೈರ್ಯವಪ್ಪಾ' ಎನ್ನುತ್ತಾರೆ. ನಮ್ಮ ಅತ್ತೆಯಂತೂ ಜೋಡಿ ನಿಂತರೆ ದೃಷ್ಟಿ ಆಗುತ್ತದೆ ಎಂದು ಇಬ್ಬರ ಮಧ್ಯೆ ತಾವೇ ನುಗ್ಗಿ ನಿಂತುಬಿಡುತ್ತಿದ್ದರು. ಕಚೇರಿಯ ವಿಷಯ ತಿಳಿಸಿದಾಗ ಅವರಿಗೆ ರೇಗಿಹೋಯಿತು.

"ಪೋಟೊ ಇಲ್ದೆ ಇದ್ರೆ ಗಂಡ ಅಲ್ವಂತಾ? ನಿಮ್ಮಾವನ್ ಜೊತೆ ನಂದೊಂದ್ ಪೋಟೊ ಇಲ್ಲ. ಐದು ಮಕ್ಕುಳ್ನ ಎತ್ತಿಲ್ವಾ ನಾನು?"

"ಅದನ್ನೇ ಬರೆದು ಕಳಿಸೋಣ ಅತ್ತೆ" ಎಂದೆ.

"ಬರಿ, ಬರಿ. ಕಾನ್ವೆಂಟಲ್ಲಿ ಓದಿಲ್ವಾ!" ಎಂದವರು ಸ್ವಲ್ಪ ಹೊತ್ತಿನ ಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಅಡುಗೆಮನೆಗೆ ಬಂದರು. "ಅಲ್ಲ ಕಣವ್ವಾ, ಎಲ್ಲಾರ ಮದ್ವೆ ಆಲ್ಬಮ್ಮೂ ನೋಡಾನಾ? ಯಾವ್ದ್ರಲ್ಲಾದ್ರೂ ಒಂದ್ರಲ್ಲಿ ಅತ್ತತ್ರ ಇದ್ದೇ ಇರ್ತಾರೆ."

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಛತ್ರಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲು, ಅತ್ತೆಯ ಎಲೆಅಡಿಕೆ ಚೀಲ. ಮೊದಲು ಹೋದದ್ದು ರಂಗಣ್ಣನ ಊರಿಗೆ.

ಆಲೂಗಡ್ಡೆ ಗಿಡಗಳು ಹೂ ಬಿಟ್ಟಿದ್ದವು. ಸಾಲಿನ ಮಧ್ಯೆ ನಿಂತ ನೀರಿಗೆ ದಾರಿ ಬಿಡಿಸುತ್ತಿದ್ದ ರಂಗಣ್ಣ ನಮ್ಮನ್ನು ನೋಡಿ ಗುದ್ದಲಿ ಊರಿ ನಿಂತರು. ಅತ್ತೆ ಮನೆಯ ಕಡೆ ಹೊರಟರು. ನಾನು ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ.

"ನೋಡ್ಕಂಡ್ ಬನ್ನಿ ಅಕ್ಕಾ, ಜಾರ್ತದೆ."

"ರಂಗಣ್ಣ, ನೀವಿಬ್ಬರೂ ಒಟ್ಟಿಗೆ ಎಲ್ಲಿಗಾದರೂ ಹೋಗಿದ್ರಾ? ಬೇಲೂರು, ಗೊರೂರು ಡ್ಯಾಮು, ಎಲ್ಲಾದರೂ?"

"ಓಗಿದ್ವಲ್ಲಾ. ಆಸ್ಪತ್ರೆಗೆ. ಅವ್ವುನ್ನ ಕರ್ಕಂಡು."

"ಅಲ್ಲಿ ಫೋಟೊ ಏನಾದ್ರೂ ತೆಗೆಸಿದ್ರಾ?"

"ಎಕ್ಸ್‌ರೇ ತೆಗುದ್ರು" ಎಂದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಸ್ವಲ್ಪ ಅಲುಗಿತು.

ನಾನು ನೇರವಾಗಿ ಕೇಳಿದೆ. "ನಿಮಗೆ ಅಲ್ಲಿಗೆ ಹೋಗೋ ಮನಸ್ಸಿದೆಯಾ?"

ಗುದ್ದಲಿಗೆ ಅಂಟಿದ ಕೆಸರನ್ನು ಕಾಲಿನಿಂದ ಕೆರೆದರು. "ಅವ್ಳು ವಾರ್ವಾರ ಬಸ್ ಅತ್ತಿ ಬತ್ತಿದ್ಲು ಅಕ್ಕಾ, ಡ್ಯೂಟಿ ಮುಗುಸ್ಕಂಡು. ಒಂದ್ ದಿನ ಸುಸ್ತು ಅನ್ನಲಿಲ್ಲ. ಈಗ ನಾನ್ ಓಗೋ ಸರದಿ ಅಲ್ವಾ? ಕಚೇರಿಯೋರು ಬ್ಯಾಡ ಅಂದ್ರೆ ಇನ್ನೊಂದ್ಸಲ ಕೇಳ್ಬೋದು. ಅವ್ಳೇ ಸಾಕು ಅಂದ್ಬುಟ್ರೆ..."

ಬಗ್ಗಿ ಮತ್ತೆ ನೀರು ಬಿಡಿಸತೊಡಗಿದರು.

"ಈ ಮಾತು ಅವಳಿಗೆ ಹೇಳಿದ್ದೀರಾ?"

"ಇದ್ನೆಲ್ಲಾ ಫೋನಲ್ಲಿ ಏಳಕಾಯ್ತದಾ ಅಕ್ಕಾ? ಮಳೆ ಬಂತು ಅಂತ ಏಳ್ದೆ."

ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಗಾಜಿನ ಮೇಲೆ ಮಳೆ ಹರಿಯುತ್ತಿತ್ತು. 'ಮಳೆ ಬಂತು' ಎನ್ನುವ ಆ ಸಂದೇಶಗಳನ್ನು ನೆನೆದೆ. ಇದನ್ನು ಪ್ರಮೀಳಾಗೆ ಹೇಳಿಬಿಡಲೇ ಎಂದುಕೊಂಡೆ. ಆದರೆ ಗಂಡನ ಮನಸ್ಸನ್ನು ಅತ್ತಿಗೆಯ ಬಾಯಲ್ಲಿ ಕೇಳಿದರೆ ಅದು ಸಮಾಧಾನದ ಮಾತಾಗುತ್ತದೆಯೇ ಹೊರತು ಅವಳು ಹುಡುಕುತ್ತಿರುವುದು ಆಗುವುದಿಲ್ಲ ಎನಿಸಿತು.

ಶ್ರಾವಣದಲ್ಲಿ ಹೊಳೆನರಸೀಪುರಕ್ಕೆ ಹೋದೆವು, ಅತ್ತೆಯ ತಮ್ಮನ ಮನೆಗೆ. ಹೇಮಾವತಿ ಸೇತುವೆಯ ಕೆಳಗೆ ಕೆಂಪಾಗಿ ಓಡುತ್ತಿದ್ದಳು. ಬೀರುವಿನಿಂದ ತೆಗೆದ ಆಲ್ಬಮ್ಮುಗಳಿಗೆ ನುಸಿಗುಳಿಗೆಯ ವಾಸನೆ. ಹಾಳೆಗಳ ಮಧ್ಯದ ತೆಳು ಕಾಗದ ಫೋಟೊಗೆ ಅಂಟಿಕೊಂಡು, ಬಿಡಿಸಿದರೆ ಯಾರದೋ ಮುಖದ ಬಣ್ಣವನ್ನೇ ಎತ್ತಿಕೊಂಡು ಬರುತ್ತಿತ್ತು. ಪ್ರಮೀಳಾ ಎಲ್ಲ ಕಡೆ ಇದ್ದಳು. ರಂಗಣ್ಣ ಎಲ್ಲೂ ಪೂರ್ತಿಯಾಗಿ ಇರಲಿಲ್ಲ. ಯಾಕೆಂದರೆ ನಮ್ಮ ಬಳಗದ ಯಾವ ಮದುವೆಯಲ್ಲೂ ರಂಗಣ್ಣ ಕೂತು ಉಂಡವರಲ್ಲ. ಪಂಚೆ ಎತ್ತಿಕಟ್ಟಿ ಬಡಿಸಲು ನಿಂತರೆ ಕೊನೆಯ ಪಂಕ್ತಿಯವರೆಗೂ ಅವರೇ. ಹಾಗಾಗಿ ಫೋಟೊದ ಅಂಚಿನಲ್ಲಿ ಒಮ್ಮೆ ಒಂದು ಬಕೆಟ್ಟು, ಒಮ್ಮೆ ಒಂದು ಮೊಣಕೈ, ಒಮ್ಮೆ ಬೆನ್ನು.

"ಇದ್ಯಾವ್ ಅಳಿಯುನ್ನ ತಂದೆ ನಾನು! ಪೋಟೊದಲ್ಲಿ ಬರೀ ಮೊಣಕೈ ಅವ್ನೆ" ಎಂದು ಅತ್ತೆ ನಿಟ್ಟುಸಿರು ಬಿಟ್ಟರು.

ಅಲ್ಲಿಂದ ಹಿರೀಸಾವೆಗೆ, ಅತ್ತೆಯ ತಂಗಿ ಪುಟ್ಟಮ್ಮನ ಮನೆಗೆ. ಅವರ ಮಗಳ ಮದುವೆ ಚನ್ನರಾಯಪಟ್ಟಣದಲ್ಲಿ ಆಗಿತ್ತು, ನಾವೆಲ್ಲ ಹೋಗಿದ್ದೆವು. ಪುಟ್ಟಮ್ಮ ಕಾಫಿ ಕೊಡುತ್ತಾ, "ಒಂದ್ ಮಗ ಆಗಿದ್ರೆ ಯಾರಕ್ಕಾ ಕೇಳೋರು? ಮಗಾನೇ ಸಾಕ್ಷಿ ಆಗಿರೋದು" ಎಂದರು.

ಅತ್ತೆ ಲೋಟವನ್ನು ಟಕ್ಕೆಂದು ಕೆಳಗಿಟ್ಟರು. "ಕಾಪಿಗೆ ಸಕ್ಕರೆ ಆಕು ಪುಟ್ಟಿ. ಬಾಯ್ಗೂ ಒಸಿ ಆಕ್ಕೊ."

ಆಲ್ಬಮ್ಮಿನಲ್ಲಿ ಏನೂ ಇರಲಿಲ್ಲ. ವಿಡಿಯೋದ ಸಿ.ಡಿ. ಹಾಕಿದರೆ ಓಡಲಿಲ್ಲ. ಪುಟ್ಟಮ್ಮನೇ, ಪೆಚ್ಚಾದ ಮುಖದಲ್ಲಿ, ಆ ಸ್ಟುಡಿಯೋ ಈಗಲೂ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಇದೆ, ಮಂಜಣ್ಣ ಅಂತ, ಅವನ ಹತ್ತಿರ ಇರಬಹುದು ಎಂದರು.

ಮಂಜಣ್ಣನ ಅಂಗಡಿ ಚಿಕ್ಕದು. ಬಾಗಿಲಿಗೆ ಮಳೆ ಹೊಡೆಯದಂತೆ ಹಳೆಯ ಫ್ಲೆಕ್ಸು ಕಟ್ಟಿದ್ದ. ವಿಷಯ ಕೇಳಿ, "ಅಜ್ಜೀ, ಜನ ವಿಡಿಯೋಲಿ ಇರೋದ್ನ ಕಟ್ ಮಾಡ್ಸಕೆ ಬತ್ತಾರೆ. ಇಲ್ದೇ ಇರೋದ್ನ ಉಡ್ಕಕೆ ಬಂದಿರೋರು ನೀವೇ ಫಸ್ಟು" ಎಂದು ನಗುತ್ತಾ ಒಂದೊಂದೇ ಹಾರ್ಡ್ ಡಿಸ್ಕು ಹಾಕಿ ತೆಗೆದ. ಮದುಮಕ್ಕಳಿಗೆ ಕೊಟ್ಟ ಸಿ.ಡಿ.ಯಲ್ಲಿ ಊಟದ ಭಾಗ ಚೂರೇ ಚೂರು, ಅದರ ಮೇಲೂ ಗುಲಾಬಿ ಹೂವು ಸುತ್ತುತ್ತಿದ್ದವಂತೆ. ಕತ್ತರಿಸದೆ ಉಳಿಸಿಕೊಂಡದ್ದು ಅವನ ಬಳಿ ಇತ್ತು.

ಊಟದ ಹಾಲು ಪರದೆಯ ಮೇಲೆ ಬಂತು. ಕ್ಯಾಮೆರಾ ಎದುರಿಗೆ ಬಂದ ಕೂಡಲೇ ಜನ ಅಗಿಯುವುದು ನಿಲ್ಲಿಸಿ ಬಿಗಿಯಾಗಿ ಕೂರುತ್ತಿದ್ದರು. ಅಗೋ, ನಮ್ಮ ಸಾಲು. ನಾನು, ನನ್ನ ಪಕ್ಕ ಪ್ರಮೀಳಾ. ಅವಳ ಬಲಗೈ ಬೆರಳುಗಳಿಗೆ ಬಿಳಿ ಬಟ್ಟೆಯ ಕಟ್ಟು. ತಟ್ಟನೆ ನೆನಪಾಯಿತು. ಬೆಳಿಗ್ಗೆ ಹೆಣ್ಣಿನ ಸೀರೆಗೆ ಇಸ್ತ್ರಿ ಹಾಕುವಾಗ ಬೆರಳು ಸುಟ್ಟುಕೊಂಡಿದ್ದಳು. ನಾನು ಟೂತ್‌ಪೇಸ್ಟ್ ಹಚ್ಚಲು ಹೋಗಿ, "ನರ್ಸಿಗೇ ಟ್ರೀಟ್‌ಮೆಂಟಾ ಅತ್ತಿಗೆ?" ಎಂದು ಬೈಸಿಕೊಂಡಿದ್ದೆ. ಯಾರಿಗೂ ಹೇಳಬೇಡಿ, ಮದುವೆ ಮನೆಯಲ್ಲಿ ರಂಪ ಬೇಡ ಎಂದಿದ್ದಳು. ನಾನು ಹೇಳಿರಲಿಲ್ಲ.

ಪರದೆಯಲ್ಲಿ ಸಾರಿನ ಬಕೆಟ್ಟು ಹಿಡಿದು ರಂಗಣ್ಣ ಬಂದರು. ಈ ಸಲ ಪೂರ್ತಿ ಮನುಷ್ಯ, ಮುಖ ಸಮೇತ. ಅತ್ತೆ ಕುರ್ಚಿಯ ತುದಿಗೆ ಜರುಗಿದರು. ರಂಗಣ್ಣ ಒಂದೊಂದೇ ಎಲೆಗೆ ಬಡಿಸುತ್ತಾ ಬಂದರು. ನನಗೆ ಬಡಿಸಿದರು. ಪ್ರಮೀಳಾ ಎಲೆಯ ಮುಂದೆ ಸೌಟು ಎತ್ತಲೇ ಇಲ್ಲ. ಮುಂದಿನ ಎಲೆಗೆ ಹೋಗಿಬಿಟ್ಟರು.

"ನೋಡ್ದಾ! ಎಂಡ್ತಿ ಎಲೆಗೇ ಸಾರ್ ಬಡುಸ್ದೆ ಓಗ್ಬುಟ್ಟ! ಇದ್ನ ಕಳ್ಸುದ್ರೆ ಆಯ್ತು, ಬರೋ ವೀಸಾನೂ ಓಯ್ತು" ಎಂದು ಅತ್ತೆ ಹಣೆಗೆ ಕೈ ಹಚ್ಚಿಕೊಂಡರು.

ಮಂಜಣ್ಣ ನಿಲ್ಲಿಸಲು ಹೋದ. "ಇರಿ, ಇನ್ನೂ ಸ್ವಲ್ಪ ಬಿಡಿ" ಎಂದೆ.

ಕ್ಯಾಮೆರಾ ಎದುರು ಸಾಲಿನ ಕಡೆ ತಿರುಗಿ, ಯಾರೋ ದೊಡ್ಡ ಮನುಷ್ಯರನ್ನು ತೋರಿಸಿ, ಮತ್ತೆ ನಿಧಾನವಾಗಿ ನಮ್ಮ ಕಡೆ ಬಂತು. ಅಷ್ಟರಲ್ಲಿ ರಂಗಣ್ಣ ವಾಪಸು ಬಂದಿದ್ದರು, ಕೈಯಲ್ಲಿ ಮೊಸರಿನ ಪಾತ್ರೆ. ಅದನ್ನು ಮೇಜಿನ ಮೇಲಿಟ್ಟು, ಲೋಟದ ನೀರಿನಲ್ಲಿ ಕೈ ತೊಳೆದುಕೊಂಡು, ಪ್ರಮೀಳಾ ಎಲೆಯ ಮೇಲಿನ ಅನ್ನಕ್ಕೆ ಮೊಸರು ಹಾಕಿ ಕಲೆಸತೊಡಗಿದರು. ಗಂಟಿಲ್ಲದ ಹಾಗೆ ಹಿಸುಕಿ ಹಿಸುಕಿ ಕಲೆಸಿದರು. ತಾಯಿಗೆ ದಿನವೂ ಕಲೆಸಿ ಕೊಟ್ಟ ಕೈ. ಆಮೇಲೆ ಅಂಗಿಯ ಜೇಬಿನಿಂದ ಒಂದು ಚಮಚ ತೆಗೆದು, ಪಂಚೆಯ ಅಂಚಿಗೆ ಒರೆಸಿ, ಎಲೆಯ ಎಡಕ್ಕೆ ಇಟ್ಟರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಮಾತಿಲ್ಲ. ಪಾತ್ರೆ ಎತ್ತಿಕೊಂಡು ಮುಂದಿನ ಪಂಕ್ತಿಗೆ ನಡೆದರು. ಪ್ರಮೀಳಾ ಎಡಗೈಯಲ್ಲಿ ಚಮಚ ಹಿಡಿದು ತಿನ್ನತೊಡಗಿದಳು.

ಅವಳ ಪಕ್ಕದಲ್ಲೇ ನಾನು, ಆ ಕಡೆ ಮುಖ ತಿರುಗಿಸಿಕೊಂಡು, ಯಾರನ್ನೋ ಕರೆದು ಇನ್ನೊಂದು ಹಪ್ಪಳ ಹಾಕಿಸಿಕೊಳ್ಳುತ್ತಿದ್ದೆ. ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಎಂದು ಮನೆಯವರು ಹೇಳುತ್ತಾರೆ. ಮೊಳದ ದೂರದಲ್ಲಿ ನಡೆದದ್ದು ನನಗೆ ಕಂಡಿರಲಿಲ್ಲ.

ಫ್ಲೆಕ್ಸಿನ ಮೇಲೆ ಮಳೆ ಬೀಳುವ ಸದ್ದು. ಮಂಜಣ್ಣ ಕೇಳದೆಯೇ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. "ಅಷ್ಟ್ ಜನುದ್ ಮುಂದೆ" ಎಂದರು. "ಅಷ್ಟ್ ಜನುದ್ ಮುಂದೆ ಎಂಡ್ತಿ ಎಲೆಗೆ ಕೈ ಆಕವ್ನೆ ಕಣವ್ವಾ."

ಆ ವಿಡಿಯೋ ತುಣುಕನ್ನು ಕಚೇರಿಗಿಂತ ಮೊದಲು ಪ್ರಮೀಳಾಗೆ ಕಳಿಸಿದೆ. ಜೊತೆಗೆ ಒಂದಕ್ಷರ ಬರೆಯಲಿಲ್ಲ. ಆ ದಿನ ಉತ್ತರ ಬರಲಿಲ್ಲ. ಮರುದಿನ ದೀಪದ ಹೊತ್ತಿಗೆ ಫೋನು ಬಂತು.

"ಅತ್ತಿಗೆ, ಬೆರಳು ಸುಟ್ಟಿದ್ದು ಚೆನ್ನಾಗಿ ನೆನಪಿತ್ತು. ಆ ಉರಿ ಈಗಲೂ ನೆನಪಿದೆ. ಚಮಚ ತಂದುಕೊಟ್ಟಿದ್ದು ಮರೆತೇ ಹೋಗಿತ್ತು ನೋಡಿ." ಮತ್ತೆ, "ನಾನು ಅವರಿಗೆ ಕೈ ಸುಟ್ಟಿದೆ ಅಂತ ಹೇಳೇ ಇರಲಿಲ್ಲ" ಎಂದಳು.

"ಈಗ ಏನು ಬಿಡೋದು?" ಎಂದೆ ಮೆಲ್ಲಗೆ.

"ಸುಮ್ನಿರಿ ಅತ್ತಿಗೆ" ಎಂದು ಮೂಗು ಒರೆಸಿಕೊಂಡಳು. "ಈಗ ತಾನೇ ಮೆಸೇಜ್ ಬಂತು. ಊರಲ್ಲಿ ಮಳೆ ಅಂತೆ." ಅಳುತ್ತಲೇ ನಕ್ಕಳು.

ವಿಡಿಯೋದ ಜೊತೆ ಕಳಿಸಲು ನಾನು ನೋಡಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಡಬೇಕಿತ್ತು. ಕಾನ್ವೆಂಟಿನಲ್ಲಿ ನಮಗೆ ಪತ್ರಲೇಖನ ಕಲಿಸಿದ ಸಿಸ್ಟರ್, ನಿನಗೆ ಅನಿಸಿದ್ದನ್ನು ಬರೆಯಬೇಡ, ಕಂಡದ್ದನ್ನು ಬರೆ ಎನ್ನುತ್ತಿದ್ದರು. ಹಾಗೇ ಮಾಡಲು ಕುಳಿತೆ. ಆದರೆ ಎಂಜಲು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳುವುದು? ಅರ್ಧ ಉಂಡ ಎಲೆಗೆ ಬಡಿಸುವವನ ಕೈ ತಾಗಬಾರದು ಎನ್ನುವುದನ್ನು ತಟ್ಟೆಯಲ್ಲಿ ಊಟ ಮಾಡುವವರಿಗೆ ಹೇಗೆ ತಿಳಿಸುವುದು? ಬರೆದು ಹೊಡೆದು, ಬರೆದು ಹೊಡೆದು, ಕೊನೆಗೆ ಉಳಿದದ್ದು ಇಷ್ಟು: ನಮ್ಮ ಕಡೆ ಗಂಡ ಹೆಂಡತಿ ಜನರೆದುರು ಕೈ ಹಿಡಿಯುವುದಿಲ್ಲ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲ. ಬಡಿಸುವವರು ಯಾರ ಎಲೆಯನ್ನೂ ಮುಟ್ಟುವುದಿಲ್ಲ. ಇವರು ಮುಟ್ಟಿದರು, ಯಾಕೆಂದರೆ ಅವಳ ಬೆರಳು ಸುಟ್ಟಿತ್ತು. ಅವಳು ಅದನ್ನು ಅವರಿಗೆ ಹೇಳಿರಲಿಲ್ಲ.

ಅಲ್ಲಿ ಅದನ್ನು ಯಾರು ಓದಿದರೋ, ಏನು ತಿಳಿದುಕೊಂಡರೋ ಗೊತ್ತಿಲ್ಲ. ಮಳೆ ಬಿಟ್ಟು, ಬೆಳಿಗ್ಗೆ ಹೊತ್ತು ಮಂಜು ಬೀಳಲು ಶುರುವಾದ ಮೇಲೆ, ರಂಗಣ್ಣನಿಗೆ ವೀಸಾ ಬಂತು.

ಹೊರಡುವ ಮುಂಚೆ ಹೊಲವನ್ನು ಚಿಕ್ಕಪ್ಪನ ಮಗನಿಗೆ ವಹಿಸಿ, ನಮಗೊಂದು ಮೂಟೆ ಆಲೂಗಡ್ಡೆ ಹೊತ್ತು ತಂದರು. ಊಟಕ್ಕೆ ಕೂರಿಸಿದೆವು. ನಮ್ಮ ಮನೆಯಲ್ಲಿ ಅವರು ಬಡಿಸದೆ, ಬಡಿಸಿಕೊಂಡು ಉಂಡದ್ದು ಅದೇ ಮೊದಲಿರಬೇಕು. ಕೈ ಎಲ್ಲಿಡಬೇಕೋ ತಿಳಿಯದವರ ಹಾಗೆ ಕುಳಿತಿದ್ದರು. ಸಾರು ಹಾಕುತ್ತಾ ಕೇಳಿದೆ.

"ರಂಗಣ್ಣ, ಆ ಮದುವೆ ಮನೆಯಲ್ಲಿ ಚಮಚ ಎಲ್ಲಿ ಸಿಕ್ತು ನಿಮಗೆ?"

ಕಿವಿಯವರೆಗೂ ಕೆಂಪಾದರು. "ಅಡ್ಗೆ ಭಟ್ರುದು ಕಣಕ್ಕಾ. ಒಗ್ಗರಣೆ ಸಾಮಾನ್ ಜೊತೆ ಮಡಗಿದ್ರು. ಕೇಳ್ದೆ ಎತ್ಕಂಬುಟ್ಟೆ." ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. "ಆಮೇಲೆ ತೊಳ್ದು ವಾಪಸ್ ಕೊಟ್ಟೆ. ಅದ್ನೂ ಬರ್ದಿದ್ದೀರ ತಾನೆ, ಆ ಲೆಟ್ರಲ್ಲಿ?"

"ಬರೆದಿದ್ದೀನಿ" ಎಂದೆ. ಬರೆದಿರಲಿಲ್ಲ.

ಅವರು ಹೋದ ಮೇಲೆ ಮೊದಲು ಬಂದ ಫೋಟೊ ಸಮುದ್ರದ ದಂಡೆಯದ್ದು. ದಾರಿಹೋಕರು ಯಾರೋ ತೆಗೆದುಕೊಟ್ಟದ್ದಂತೆ. ಪ್ರಮೀಳಾ ನಗುತ್ತಿದ್ದಾಳೆ. ಅವಳ ಪಕ್ಕ, ಮಧ್ಯೆ ಇನ್ನೊಬ್ಬರು ಧಾರಾಳವಾಗಿ ನಿಲ್ಲುವಷ್ಟು ಜಾಗ ಬಿಟ್ಟು, ರಂಗಣ್ಣ, ಹೊಸ ಜರ್ಕಿನಿನಲ್ಲಿ ಅಟೆನ್ಷನ್ ನಿಂತಿದ್ದಾರೆ. ಹೆಗಲಿಗೆ ಹೆಂಡತಿಯ ವ್ಯಾನಿಟಿ ಬ್ಯಾಗು. ಅದು ಅಲ್ಲಿರುವುದು ಅವರಿಗೆ ನೆನಪೂ ಇದ್ದ ಹಾಗಿಲ್ಲ.

ಅತ್ತೆ ಅದನ್ನು ಮಂಜಣ್ಣನ ಹತ್ತಿರವೇ ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ, ನಮ್ಮ ಮನೆಯ ಟಿವಿ ಪಕ್ಕದಲ್ಲಿ ಇಟ್ಟಿದ್ದಾರೆ. ದೃಷ್ಟಿಯ ಮಾತು ಈಗ ಇಲ್ಲ. ಬಂದವರೆಲ್ಲರ ಕೈಗೂ ಅದನ್ನು ಕೊಡುತ್ತಾರೆ, ಅವರು ಕನ್ನಡಕ ಸರಿಮಾಡಿಕೊಂಡು ನೋಡುವವರೆಗೂ ಕಾಯುತ್ತಾರೆ. ಆಮೇಲೆ ಹೇಳುತ್ತಾರೆ: "ನಮ್ಮ ಅಳಿಯ. ದೂರ ನಿಂತವ್ನೆ ಅಂತ ತಪ್ ತಿಳ್ಕಬ್ಯಾಡಿ."